ಹಳೆಯ ಮೋಟಾರ್ ಸೈಕಲ್ಲಿನ ಮುಂದಿನ ಬ್ರೇಕು

(ಶಾಲೆಯ ವಾರ್ಷಿಕೋತ್ಸವದ ನಿಮಿತ್ತ ಜರುಗಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಸಾಹಿತ್ಯವನ್ನೋ ಇತಿಹಾಸವನ್ನೋ ಶೀಲಸಂವರ್ಧನೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಆರಿಸಿಕೊಂಡ ವಿಷಯವಾದರೋ ಹಳೆಯ ಮೋಟಾರ್ ಸೈಕಲ್ಲಿನ ಮುಂದಿನ ಗಾಲಿಯ ಬ್ರೇಕು. ಇದು ಗ್ಯಾರೇಜಿನ ಮಾತು, ಶಾಲೆಯ ಮಾತಲ್ಲ ಎಂದು ಕೆಲವರಿಗೆ ಅನಿಸಬಹುದು. ಆದರೆ ಶಾಲೆಯ ವಿಜ್ಞಾನದ ಪುಸ್ತಕಗಳಲ್ಲಿರುವ ಘರ್ಷಣೆ, ಸನ್ನೆ, ಚಲನಶಕ್ತಿ, ದ್ರವದ ಒತ್ತಡ ಎಂಬ ನಾಲ್ಕು ಪಾಠಗಳೂ ಈ ಒಂದು ಸಣ್ಣ ಅಂಗದಲ್ಲಿ ಒಟ್ಟಿಗೆ ಸೇರಿರುವುವು. ಆ ಪಾಠಗಳು ಪರೀಕ್ಷೆಯಲ್ಲಿ ತಪ್ಪಿದರೆ ಅಂಕಗಳು ಹೋಗುವುವು. ರಸ್ತೆಯಲ್ಲಿ ತಪ್ಪಿದರೆ ಜೀವವೇ ಹೋದೀತು. ಆದುದರಿಂದ ಈ ವಿಷಯ ಶಾಲೆಗೂ ಸಲ್ಲುವುದು, ಮನೆಗೂ ಸಲ್ಲುವುದು.

ನಮ್ಮ ಪ್ರದೇಶದ ಸ್ಥಿತಿಯನ್ನು ಮೊದಲು ನೆನೆಯೋಣ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕೂ ಆಂಧ್ರಪ್ರದೇಶಕ್ಕೆ ಸೇರಿದುವು. 2014ರಿಂದ ಅವು ತೆಲಂಗಾಣದಲ್ಲಿವೆ. ಗಡಿ ಬದಲಾಯಿತು, ನಂಟು ಬದಲಾಗಲಿಲ್ಲ. ಬೀದರಕ್ಕೆ ಮದುವೆಗೆ, ಕಲಬುರಗಿಗೆ ಆಸ್ಪತ್ರೆಗೆ, ಸಂತೆಗೆ, ಹೊಲಕ್ಕೆ ಎಂದು ನಮ್ಮ ಜನ ನಿತ್ಯ ಓಡಾಡುತ್ತಲೇ ಇರುತ್ತಾರೆ. ಜಹೀರಾಬಾದಿನ ಮೂಲಕ ಹೈದರಾಬಾದು-ಪುಣೆಗಳ ಹೆದ್ದಾರಿ ಹಾದುಹೋಗುವುದು. ಕಬ್ಬಿನ ಕಾಲದಲ್ಲಿ ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ದೀಪವಿಲ್ಲದೆ ರಸ್ತೆಗೆ ಇಳಿಯುವುದುಂಟು. ತಾಂಡೂರಿನ ಕಡೆಗೆ ಹೊರಳಿದರೆ ಹಾಸುಗಲ್ಲು ಮತ್ತು ಸಿಮೆಂಟು ಹೇರಿದ ಲಾರಿಗಳ ಸಾಲು. ಇವುಗಳ ನಡುವೆಯೇ ತಂದೆಯ ಕಾಲದ, ಒಮ್ಮೊಮ್ಮೆ ಅಜ್ಜನ ಕಾಲದ ಫಟಫಟಿಗಳು ಇನ್ನೂ ಓಡುತ್ತಿವೆ.

ಆ ಗಾಡಿಗಳು ಸಾಮಾನ್ಯವಾದುವಲ್ಲ. ಎನ್‌ಫೀಲ್ಡ್ ಬುಲೆಟ್ಟಿನ ತಯಾರಿಕೆಗೆಂದು 1955ರಲ್ಲಿ ಮದರಾಸಿನಲ್ಲಿ ಕಂಪನಿ ಸ್ಥಾಪಿತವಾಯಿತು. ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿ ಮೊದಲು ಜಾವಾ ಎಂಬ ಹೆಸರಿನಲ್ಲಿಯೂ ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿಯೂ ಗಾಡಿಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಈ ಯಂತ್ರಗಳ ಗಟ್ಟಿತನವನ್ನು ಹೊಗಳದವರಿಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಅವು ಹುಟ್ಟಿದ ಕಾಲದ ರಸ್ತೆ ಕಿರಿದು, ವಾಹನ ವಿರಳ, ವೇಗ ಕಡಿಮೆ. ಅಂದಿನ ರಸ್ತೆಗೆ ಸಾಕಾಗಿದ್ದ ಬ್ರೇಕು ಇಂದಿನ ರಸ್ತೆಗೆ ಸಾಲದು. ಎಂಜಿನು ಓಡುವುದಷ್ಟೇ ಗಾಡಿಯ ಯೋಗ್ಯತೆಯಲ್ಲ. ಬೇಕಾದಲ್ಲಿ ನಿಲ್ಲುವುದೂ ಯೋಗ್ಯತೆಯೇ.

ನಿಲ್ಲುವುದೆಂದರೇನು? ಓಡುವ ಗಾಡಿಯಲ್ಲಿ ಚಲನಶಕ್ತಿ ತುಂಬಿರುವುದು. ಬ್ರೇಕು ಆ ಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಕೊಡುವುದು. ಅದರ ಕೆಲಸ ಇಷ್ಟೇ. ಗಾಡಿ ಮತ್ತು ಇಬ್ಬರು ಸವಾರರು ಸೇರಿ 300 ಕಿಲೋಗ್ರಾಂ ಎಂದು ಇಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಅದರ ಚಲನಶಕ್ತಿ ಸುಮಾರು 18,500 ಜೂಲು. 60 ಕಿಲೋಮೀಟರಿನಲ್ಲಿ ಸುಮಾರು 41,700 ಜೂಲು. ವೇಗ ಒಂದೂವರೆ ಪಟ್ಟು ಆದಾಗ ಬ್ರೇಕಿನ ಕೆಲಸ ಎರಡೂಕಾಲು ಪಟ್ಟು ಆಯಿತು. ವಿದ್ಯಾರ್ಥಿಗಳು ಮನೆಗೆ ಹೋಗಿ ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು.

ಇನ್ನೊಂದು ಲೆಕ್ಕ. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಅಡ್ಡ ಬಂದ ವಸ್ತುವನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಆ 17 ಮೀಟರು ಆಗಲೇ ಮುಗಿಯಿತು. ಅನಂತರ ಬ್ರೇಕು ವೇಗವನ್ನು ಪ್ರತಿ ಸೆಕೆಂಡಿಗೆ 3 ಮೀಟರಿನಂತೆ ತಗ್ಗಿಸಿದರೆ ಗಾಡಿ ನಿಲ್ಲಲು ಮತ್ತೆ 46 ಮೀಟರು ಬೇಕು. 5 ಮೀಟರಿನಂತೆ ತಗ್ಗಿಸಿದರೆ 28 ಮೀಟರು ಸಾಕು. ನಡುವಣ ಅಂತರ 18 ಮೀಟರು. ದೀಪವಿಲ್ಲದ ಕಬ್ಬಿನ ಟ್ರೇಲರಿನ ಹಿಂದೆ ಬದುಕು ಉಳಿಯುವುದೂ ಉಳಿಯದಿರುವುದೂ ಆ 18 ಮೀಟರುಗಳಲ್ಲಿ ತೀರ್ಮಾನವಾಗುವುದು.

ಇಲ್ಲಿ ನಮ್ಮ ಹಳ್ಳಿಗಳಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಪರೀಕ್ಷಿಸಬೇಕು. ‘ಮುಂದಿನ ಬ್ರೇಕು ಹಿಡಿಯಬೇಡ, ಗಾಡಿ ಮಗುಚೀತು’ ಎಂದು ಹಿರಿಯರು ಎಚ್ಚರಿಸುವುದುಂಟು; ಕೆಲವರು ಅದರ ಕೇಬಲನ್ನೇ ಕಳಚಿ ಇಟ್ಟಿರುತ್ತಾರೆ. ಈ ಮಾತಿನಲ್ಲಿ ಸತ್ಯ ಅರ್ಧ ಮಾತ್ರ. ಮರಳು, ಜಲ್ಲಿ, ಕೆಸರುಗಳ ಮೇಲೆ ಅಥವಾ ತಿರುವಿನಲ್ಲಿ ಗಾಡಿ ವಾಲಿದಾಗ ಮುಂದಿನ ಗಾಲಿಯನ್ನು ತಟ್ಟನೆ ಬಿಗಿದರೆ ಬೀಳುವುದು ನಿಶ್ಚಯ. ಆದರೆ ಒಣಗಿದ ನೆಟ್ಟನೆಯ ರಸ್ತೆಯ ಸಂಗತಿ ಬೇರೆ. ಬಸ್ಸು ತಟಕ್ಕನೆ ನಿಂತಾಗ ಒಳಗೆ ನಿಂತವರೆಲ್ಲರೂ ಮುಂದಕ್ಕೆ ವಾಲುವುದನ್ನು ನೀವು ಕಂಡಿರುವಿರಿ. ಹಾಗೆಯೇ ಮೋಟಾರ್ ಸೈಕಲ್ಲನ್ನು ಜೋರಾಗಿ ತಡೆದಾಗ ಭಾರವು ಮುಂದಿನ ಗಾಲಿಗೆ ಸರಿಯುವುದು. ನಿಂತಾಗ ಅರ್ಧಕ್ಕೂ ಕಡಿಮೆ ಹೊರುತ್ತಿದ್ದ ಮುಂದಿನ ಗಾಲಿ ಆಗ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊರುವುದು. ಹಿಂದಿನ ಗಾಲಿಯ ಮೇಲಿನ ಭಾರ ಕಡಿಮೆಯಾಗಿ, ಅದು ಬೇಗನೆ ಸಿಕ್ಕಿಹಾಕಿಕೊಂಡು ಜಾರುವುದು. ಹಿಂದಿನ ಬ್ರೇಕನ್ನೇ ನಂಬಿದವನು ತನ್ನ ಗಾಡಿಯ ಬಲದಲ್ಲಿ ಹೆಚ್ಚಿನ ಪಾಲನ್ನು ಮನೆಯಲ್ಲಿ ಬಿಟ್ಟು ಬಂದಂತೆ. ಆದುದರಿಂದ ಸುಧಾರಣೆ ಮೊದಲಾಗಬೇಕಾದುದು ಮುಂದಿನ ಬ್ರೇಕಿನಿಂದ.

ಹಳೆಯ ಗಾಡಿಯ ಮುಂದಿನ ಗಾಲಿಯ ನಡುವೆ ಡ್ರಮ್ ಎಂಬ ಟೊಳ್ಳು ಚಕ್ರವಿದೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಅವುಗಳ ಹೊರಮೈಗೆ ಲೈನರ್ ಎಂಬ ಘರ್ಷಣೆಯ ಪದರ. ಕೈಹಿಡಿ ಎಳೆದಾಗ ಕೇಬಲು ಒಂದು ಸನ್ನೆಯನ್ನು ಎಳೆದು, ಆ ಸನ್ನೆ ಕ್ಯಾಮನ್ನು ತಿರುಗಿಸಿ, ಕ್ಯಾಮು ಶೂಗಳನ್ನು ಡ್ರಮ್ಮಿನ ಒಳಗೋಡೆಗೆ ಒತ್ತುವುದು. ಈ ಎರಡು ಶೂಗಳ ಕೆಲಸ ಸಮವಲ್ಲ. ಒಂದು ಕೋಲಿನ ತುದಿಯನ್ನು ಮುಂದೆ ಓರೆಯಾಗಿ ನೆಲಕ್ಕೆ ಊರಿ ನೂಕುತ್ತ ನಡೆಯಿರಿ. ಅದು ನೆಲವನ್ನು ಕಚ್ಚಿ ನಿಮ್ಮನ್ನು ತಡೆಯುವುದು. ಅದೇ ಕೋಲನ್ನು ಹಿಂದೆ ಎಳೆಯುತ್ತ ನಡೆದರೆ ಸುಮ್ಮನೆ ಜಾರುತ್ತ ಬರುವುದು. ಡ್ರಮ್ಮು ತಿರುಗುವಾಗ ಒಂದು ಶೂ ಮೊದಲನೆಯ ಕೋಲಿನಂತೆ ತಾನಾಗಿಯೇ ಒಳಕ್ಕೆ ಎಳೆದುಕೊಂಡು ಕಚ್ಚುವುದು; ಇದಕ್ಕೆ ಲೀಡಿಂಗ್ ಶೂ ಎನ್ನುವರು. ಇನ್ನೊಂದು ಎರಡನೆಯ ಕೋಲಿನಂತೆ ಹಿಂದಕ್ಕೆ ತಳ್ಳಲ್ಪಡುವುದು. ಇದು ಟ್ರೇಲಿಂಗ್ ಶೂ. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಕಚ್ಚುವ ಶೂ ಒಂದೇ. ಮುಂದೆ ಹೇಳುವ ಸುಧಾರಣೆಗೆ ಈ ಭೇದವೇ ಆಧಾರ.

ಆದರೆ ಸುಧಾರಣೆಗೆ ಮುನ್ನ ಜೀರ್ಣೋದ್ಧಾರ. ಇರುವ ಬ್ರೇಕು ತನ್ನ ಪೂರ್ಣ ಬಲದಿಂದ ಕೆಲಸ ಮಾಡುತ್ತಿದೆಯೇ ಎಂದು ನೋಡದೆ ಹೊಸದನ್ನು ಕೊಳ್ಳುವುದು ವ್ಯರ್ಥ ವೆಚ್ಚ. ನಮ್ಮ ಅನುಭವದಲ್ಲಿ ‘ಬ್ರೇಕೇ ಇಲ್ಲ’ ಎನ್ನಿಸಿಕೊಂಡ ಗಾಡಿಗಳಲ್ಲಿ ಹಲವಕ್ಕೆ ಬೇಕಾಗಿದ್ದುದು ಹೊಸ ಬ್ರೇಕಲ್ಲ, ಒಂದು ದಿನದ ಶ್ರದ್ಧೆಯ ಕೆಲಸ.

ಮೊದಲನೆಯದು ಶುದ್ಧಿ. ಗಾಲಿಯನ್ನು ಕಳಚಿದಾಗ ಒಳಗಿರುವ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಕೂಡದು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವುದು. ಅದು ಶ್ವಾಸಕೋಶದಲ್ಲಿ ಸೇರಿದರೆ ವರ್ಷಗಳ ಅನಂತರ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಮಕ್ಕಳನ್ನು ಆಗ ಹತ್ತಿರ ಬಿಡಬಾರದು. ಹೊಸ ಲೈನರು ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದುದನ್ನೇ ಕೇಳಿ ಕೊಳ್ಳಬೇಕು. ಗ್ರೀಸು ಅಥವಾ ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಿಂದ ತೊಳೆದರೂ ಗುಣವಾಗದು, ಬದಲಿಸುವುದೇ ಮಾರ್ಗ. ಜೊತೆಗೆ ಆ ಗ್ರೀಸು ಎಲ್ಲಿಂದ ಬಂತೆಂದು ಹುಡುಕಿ ಬೇರಿಂಗಿನ ಸೀಲನ್ನು ಬದಲಿಸಬೇಕು.

ಎರಡನೆಯದು ಡ್ರಮ್ಮಿನ ದುಂಡುತನ. ಕಡ್ಡಿಗಳನ್ನು ಬಿಗಿದಾಗ ಡ್ರಮ್ಮು ಕೂದಲೆಳೆಯಷ್ಟು ಸೊಟ್ಟಗಾಗುವುದುಂಟು. ಆದುದರಿಂದ ಡ್ರಮ್ಮನ್ನು ಬಿಡಿಯಾಗಿ ಅಲ್ಲ, ಕಡ್ಡಿ ಬಿಗಿದ ಪೂರ್ಣ ಗಾಲಿಯ ಸಮೇತ ಲೇತಿಗೆ ಏರಿಸಿ, ಬೇಕಾದಷ್ಟೇ ಕೆತ್ತಿಸಬೇಕು. ತಯಾರಕರು ಹೇಳಿದ ಮಿತಿಯನ್ನು ಮೀರಿ ಕೆತ್ತಿದರೆ ಡ್ರಮ್ಮು ತೆಳುವಾಗಿ ಒಡೆಯುವ ಭಯವಿದೆ. ಮೂರನೆಯದು ಶೂಗಳ ವಕ್ರತೆ. ಅಂಗಡಿಯಿಂದ ತಂದ ಹೊಸ ಶೂ ಕೆತ್ತಿಸಿದ ಡ್ರಮ್ಮಿಗೆ ಪೂರ್ಣವಾಗಿ ತಾಗದೆ ನಡುವೆ ಮಾತ್ರ ತಾಗುವುದು. ಲೈನರಿಗೆ ಸೀಮೆಸುಣ್ಣ ಬಳಿದು ಗಾಲಿಯನ್ನು ತಿರುಗಿಸಿ, ಬ್ರೇಕು ಹಿಡಿದು, ಬಿಚ್ಚಿ ನೋಡಿದರೆ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ತಾಗಿದೆ ಎಂದು ತಿಳಿಯುವುದು. ಎತ್ತರದ ಭಾಗವನ್ನು ಉಜ್ಜಿ, ಲೈನರಿನ ಉದ್ದಕ್ಕೂ ತಾಗುವಂತೆ ಮಾಡಬೇಕು. ಉಜ್ಜುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಮುಖಕವಚವೇ ಬೇಕು.

ನಾಲ್ಕನೆಯದು ಕೇಬಲು. ಹಳೆಯ ಕೇಬಲಿನ ಹೊರಕವಚ ಕುಗ್ಗುವುದು, ಒಳತಂತಿ ಹಿಗ್ಗುವುದು. ಕೈಯ ಬಲದ ಬಹುಭಾಗ ಅಲ್ಲಿಯೇ ಲಯವಾಗುವುದು. ದಪ್ಪನೆಯ ಹೊಸ ಕೇಬಲನ್ನು ಚೂಪಾದ ಬಾಗುಗಳಿಲ್ಲದಂತೆ ಹಾಯಿಸಬೇಕು. ಐದನೆಯದು ಸನ್ನೆಯ ಕೋನ. ಬ್ರೇಕು ಪೂರ್ತಿ ಹಿಡಿದಾಗ ಕೇಬಲಿಗೂ ಡ್ರಮ್ಮಿನ ಮೇಲಿನ ಸನ್ನೆಗೂ ನಡುವೆ ಸುಮಾರು 90 ಅಂಶದ ಕೋನವಿರಬೇಕು. ಕೋನ ತಪ್ಪಿದಷ್ಟೂ ಬಲ ನಷ್ಟ. ಕೊನೆಯದು ಶೂಗಳನ್ನು ನಡುವಿಗೆ ತರುವುದು: ಅಚ್ಚಿನ ನಟ್ಟನ್ನು ಸಡಿಲಿಸಿ, ಬ್ರೇಕನ್ನು ಬಲವಾಗಿ ಹಿಡಿದು, ಹಿಡಿದಿರುವಾಗಲೇ ನಟ್ಟನ್ನು ಬಿಗಿಯಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಆದರೂ ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದೇ.

ಇಷ್ಟಾದ ಮೇಲೂ ಬಲ ಸಾಲದೆಂದಾದರೆ ಸುಧಾರಣೆಯ ಮಾತು. ಅದಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು, ಡ್ರಮ್ಮಿನ ಮೇಲಿನ ಸನ್ನೆಯನ್ನು ಸ್ವಲ್ಪ ಉದ್ದ ಮಾಡುವುದು. ಸನ್ನೆ ಉದ್ದವಾದಷ್ಟು ಬಲ ಹೆಚ್ಚುವುದು. ಆದರೆ ಕೈಹಿಡಿಯನ್ನು ಹೆಚ್ಚು ದೂರ ಎಳೆಯಬೇಕಾಗುವುದು. ಅತಿಯಾದರೆ ಕೈಹಿಡಿ ಹ್ಯಾಂಡಲಿಗೆ ತಾಗಿದರೂ ಬ್ರೇಕು ಹಿಡಿಯದು. ಸನ್ನೆಯ ನಿಯಮದಲ್ಲಿ ಏನನ್ನೂ ಉಚಿತವಾಗಿ ಪಡೆಯಲಾಗದು.

ಎರಡನೆಯ ಮೆಟ್ಟಿಲು, ಎರಡೂ ಶೂಗಳನ್ನು ಕಚ್ಚುವ ಶೂಗಳನ್ನಾಗಿ ಮಾಡುವುದು. ಇದಕ್ಕೆ ಎರಡು ಕ್ಯಾಮುಗಳೂ ಅವುಗಳನ್ನು ಜೋಡಿಸುವ ಒಂದು ಸರಳೂ ಬೇಕು. ಬುಲೆಟ್ 350ರ ಹಳೆಯ ಗಾಡಿಗಳಲ್ಲಿ 6 ಅಂಗುಲದ ಡ್ರಮ್ಮಿತ್ತು. ಬಳಿಕ ಬಂದ ಬುಲೆಟ್ 500ಕ್ಕೆ ಎರಡು ಲೀಡಿಂಗ್ ಶೂಗಳುಳ್ಳ 7 ಅಂಗುಲದ ಡ್ರಮ್ಮು ಬಂದಿತು. ಹಳೆಯ 350ಕ್ಕೆ ಈ ಬ್ರೇಕನ್ನು ಕೂಡಿಸುವವರು ಅನೇಕರು. ಡ್ರಮ್ಮಿನ ಅಳತೆಯಿಂದಲೇ ಆರರಲ್ಲಿ ಒಂದು ಪಾಲಿನಷ್ಟು ಬಲ ಹೆಚ್ಚುವುದು. ಎರಡನೆಯ ಶೂ ಕಚ್ಚತೊಡಗುವುದರಿಂದ ದೊರೆಯುವ ಲಾಭ ಅದಕ್ಕಿಂತ ಹೆಚ್ಚು. ಆದರೆ ಜೋಡಿಸುವ ಸರಳಿನ ಉದ್ದವನ್ನು ಎರಡೂ ಶೂಗಳು ಒಂದೇ ಕ್ಷಣದಲ್ಲಿ ತಾಗುವಂತೆ ಹೊಂದಿಸದಿದ್ದರೆ ಒಂದೇ ಶೂ ದುಡಿಯುವುದು, ಮತ್ತೊಂದು ನೋಡುತ್ತ ಕೂರುವುದು. ಈ ಬ್ರೇಕಿಗೆ ಇನ್ನೊಂದು ಸ್ವಭಾವವಿದೆ: ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುವಾಗ ಎರಡೂ ಶೂಗಳು ಟ್ರೇಲಿಂಗ್ ಆಗುವುವು, ಹಿಡಿತ ಬಹಳ ಕುಂದುವುದು. ಏರಿನಲ್ಲಿ ನಿಲ್ಲಿಸುವಾಗ ಹಿಂದಿನ ಬ್ರೇಕನ್ನೂ ಹಿಡಿಯಬೇಕು.

ಮೂರನೆಯ ಮೆಟ್ಟಿಲು ಡಿಸ್ಕ್ ಬ್ರೇಕು. 1969ರ ಹೋಂಡಾ ಸಿ.ಬಿ. 750 ಗಾಡಿಯಿಂದ ಇದು ಮೋಟಾರ್ ಸೈಕಲ್ಲುಗಳಲ್ಲಿ ಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿ 1983ರಲ್ಲಿ ಬಂದ ರಾಜದೂತ್ 350ರ ಜಪಾನೀ ಮೂಲಕ್ಕೆ ಮುಂದೆ ಡಿಸ್ಕಿತ್ತು. ಇಲ್ಲಿ ತಯಾರಾದುದಕ್ಕೆ ಡ್ರಮ್ಮನ್ನೇ ಕೊಟ್ಟರು. ಇಂದಾದರೋ 2019ರ ಏಪ್ರಿಲಿನಿಂದ 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ ಗಾಲಿ ಸಿಕ್ಕಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಏರ್ಪಾಟು ಕಡ್ಡಾಯವಾಗಿದೆ. ಡಿಸ್ಕಿನಲ್ಲಿ ನಮ್ಮ ಪ್ಯಾಸ್ಕಲನ ನಿಯಮ ದುಡಿಯುವುದು. ಕೈಯ ಬಳಿಯ ಪಿಸ್ಟನ್ನಿನ ಮೈ 1 ಚದರ ಸೆಂಟಿಮೀಟರು, ಗಾಲಿಯ ಬಳಿಯದು 5 ಚದರ ಸೆಂಟಿಮೀಟರು ಇದ್ದರೆ ಬಲ ಐದು ಪಟ್ಟಾಗುವುದು. ಈ ಎರಡರ ಅಳತೆ ಹೊಂದದಿದ್ದರೆ ಬ್ರೇಕು ಕಲ್ಲಿನಂತೆ ಗಡುಸಾಗುವುದು ಇಲ್ಲವೆ ಹತ್ತಿಯಂತೆ ಮೆತ್ತಗಾಗುವುದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ಡಿಸ್ಕಿಗೆ ಬೇರೆ ಗಾಲಿ, ಬೇರೆ ಫೋರ್ಕು ಬೇಕು. ಹಳೆಯ ಫೋರ್ಕಿಗೆ ತಗಡು ಬೆಸೆದು ನಿಲ್ಲಿಸುವುದು ಪ್ರಾಣಕ್ಕೆ ಸಂಚಕಾರ.

ಈ ಎಲ್ಲ ಮಾರ್ಪಾಟುಗಳಲ್ಲಿಯೂ ಮರೆಯಲೇಬಾರದ ಅಂಗವೊಂದಿದೆ. ಬ್ರೇಕು ಹಿಡಿದಾಗ ಶೂಗಳನ್ನು ಹೊತ್ತ ತಟ್ಟೆಯೂ ಗಾಲಿಯ ಜೊತೆಗೆ ತಿರುಗಲು ಹವಣಿಸುವುದು. ಅದನ್ನು ಫೋರ್ಕಿಗೆ ಕಟ್ಟಿಹಾಕಿ ನಿಲ್ಲಿಸುವ ಆಧಾರವಿರುವುದು. ಬ್ರೇಕಿನ ಬಲ ಹೆಚ್ಚಿದಾಗ ಈ ಆಧಾರವೂ ಅಷ್ಟೇ ಗಟ್ಟಿಯಾಗಬೇಕು. ಅದು ಮುರಿದರೆ ತಟ್ಟೆ ತಿರುಗಿ, ಕೇಬಲು ಸುತ್ತಿಕೊಂಡು, ಗಾಲಿ ಒಮ್ಮೆಲೇ ಸಿಕ್ಕಿ ಸವಾರನನ್ನು ಎಸೆಯುವುದು. ಹಾಗೆಯೇ ಟಯರು ಸವೆದಿದ್ದರೆ ಎಂಥ ಬ್ರೇಕೂ ನಿಷ್ಫಲ. ಗಾಡಿಯನ್ನು ಕೊನೆಗೆ ನಿಲ್ಲಿಸುವುದು ನೆಲದ ಮೇಲಿನ ಅಂಗೈಯಗಲದ ರಬ್ಬರು.

ಇನ್ನು ಕಾಯಿದೆಯ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ದುರಸ್ತಿಯ ಕೆಲಸಕ್ಕೆ ಇದರಿಂದ ಅಡ್ಡಿಯಿಲ್ಲ; ಗಾಲಿ, ಫೋರ್ಕುಗಳನ್ನು ಬದಲಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿಯುವುದು ಕ್ಷೇಮ. 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗಳಿಗೆ 2021ರ ನಿಯಮಗಳು ವಿಂಟೇಜ್ ಎಂಬ ಬೇರೆ ನೋಂದಣಿಯನ್ನು ಕೊಟ್ಟಿವೆ. ಆದರೆ ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದುದರಿಂದ ಮನೆಯವರು ಮೊದಲೇ ನಿಶ್ಚಯಿಸಬೇಕು: ಇದು ದುಡಿಯುವ ಗಾಡಿಯೇ, ಕಾಪಾಡುವ ಗಾಡಿಯೇ? ದುಡಿಯುವುದಾದರೆ ಬ್ರೇಕು ಇಂದಿನ ರಸ್ತೆಗೆ ತಕ್ಕದ್ದಾಗಲಿ. ಯಾವುದಾದರೂ ಸರಿ, ಕಳಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡಿ. ಅಜ್ಜನ ಗಾಡಿಯನ್ನು ಮೊಮ್ಮಗನು ಮತ್ತೆ ಮೊದಲಿನಂತೆ ಮಾಡಬಯಸಿದರೆ ಅವನಿಗೆ ಆ ದಾರಿ ತೆರೆದಿರಲಿ.

ಕೆಲಸ ಮುಗಿದ ಗಾಡಿಯನ್ನು ಅಂದೇ ಹೆದ್ದಾರಿಗೆ ಒಯ್ಯಬಾರದು. ಜನಸಂಚಾರವಿಲ್ಲದ ಗಟ್ಟಿ ನೆಲದಲ್ಲಿ 20, 30 ಕಿಲೋಮೀಟರು ವೇಗದಿಂದ ಮೆಲ್ಲಮೆಲ್ಲನೆ ಹಿಡಿದು ನೋಡಬೇಕು. ಕೈಹಿಡಿಯನ್ನು ಜಗ್ಗಬಾರದು; ನಿಂಬೆಹಣ್ಣನ್ನು ಹಿಂಡುವಂತೆ ಕ್ರಮವಾಗಿ ಬಲ ಹೆಚ್ಚಿಸಬೇಕು. ಗಾಡಿ ನೆಟ್ಟಗಿರುವಾಗ ಎರಡೂ ಬ್ರೇಕುಗಳನ್ನು ಒಟ್ಟಿಗೆ ಬಳಸಬೇಕು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಹೊಸ ಲೈನರು ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಆ ತನಕ ತಾಳ್ಮೆ.

ಪಾಲಕರಲ್ಲಿ ಒಂದು ವಿಜ್ಞಾಪನೆ. ಬ್ರೇಕು ಸುಧಾರಿಸಿತೆಂದು ಮಗನ ಕೈಗೆ ಕೀಲಿ ಕೊಡಬೇಡಿ. ಗೇರಿನ ಮೋಟಾರ್ ಸೈಕಲ್ಲಿಗೆ 18 ವರ್ಷ ತುಂಬಬೇಕು. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಮಾಲಿಕರಿಗೆ 3 ವರ್ಷದವರೆಗಿನ ಸೆರೆಯೂ 25,000 ರೂಪಾಯಿ ದಂಡವೂ ಉಂಟು. ದಂಡವನ್ನು ಕಟ್ಟಬಹುದು, ಹೋದ ಮಗನನ್ನು ತರಲಾಗದು. ಅವನಿಗೆ ಕೀಲಿಯ ಬದಲು ಪಾನಾ ಕೊಡಿ. ರಜೆಯ ದಿನ ನಿಮ್ಮ ಪಕ್ಕದಲ್ಲಿ ಕೂಡಿಸಿಕೊಂಡು ಕೇಬಲು ಹಾಯಿಸುವುದನ್ನು, ಕೋನ ಅಳೆಯುವುದನ್ನು ಕಲಿಸಿ. ಹೆಣ್ಣುಮಕ್ಕಳನ್ನೂ ಕರೆಯಿರಿ, ಸನ್ನೆಯ ನಿಯಮ ಅವರಿಗೂ ಒಂದೇ.

ವಿದ್ಯಾರ್ಥಿಗಳೇ, ಕನ್ನಡದಲ್ಲಿ ಓದಿದ ವಿಜ್ಞಾನ ಈ ಊರಿನಲ್ಲಿ ಯಾವ ಕೆಲಸಕ್ಕೆ ಬಂದೀತು ಎಂದು ನಿಮ್ಮನ್ನು ಕೇಳುವವರುಂಟು. ಜಹೀರಾಬಾದಿನಲ್ಲಿಯೇ ಟ್ರ್ಯಾಕ್ಟರುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯಿದೆ. ಅಲ್ಲಿಯೂ ಬ್ರೇಕು ಇದೇ ನಿಯಮಗಳಿಂದ ಹಿಡಿಯುವುದು. ಘರ್ಷಣೆಗೆ ತೆಲುಗು, ಕನ್ನಡ, ಉರ್ದು ಎಂಬ ಭೇದವಿಲ್ಲ. ತಾಯ್ನುಡಿಯಲ್ಲಿ ಕಾರಣವನ್ನು ಅರಿತವನು ಮಿಸ್ತ್ರಿಯೊಡನೆ ಉರ್ದುವಿನಲ್ಲಿಯೋ ತೆಲುಗಿನಲ್ಲಿಯೋ ಮಾತನಾಡಿ ಕೆಲಸವನ್ನು ಸರಿಯಾಗಿ ಮಾಡಿಸಬಲ್ಲನು. ಕಾರಣವನ್ನು ಅರಿಯದವನಿಗೆ ಯಾವ ಭಾಷೆಯೂ ನೆರವಾಗದು.

ವೇಗವನ್ನು ಯಂತ್ರ ಕೊಡುವುದು, ನಿಲುಗಡೆಯನ್ನು ವಿವೇಕ ಕೊಡುವುದು. ನಿಮ್ಮ ಮನೆಯ ಅಂಗಳದಲ್ಲಿ ನಿಂತಿರುವ ಹಳೆಯ ಗಾಡಿಯ ಮುಂದಿನ ಬ್ರೇಕನ್ನು ಈ ವಾರವೇ ಒಮ್ಮೆ ಪರೀಕ್ಷಿಸಿರಿ.